ಅರ್ಜಿಯ ಮೂರನೆಯ ಪುಟ

ಮೊದಲ ಎರಡು ಪುಟ ಸಲೀಸು.
ಹೆಸರು ಫಿಲೊಮಿನಾ ಕೀಫ್. ವಯಸ್ಸು ನಲವತ್ತಮೂರು.
ಊರು, ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣದ ಅಂಚು.
ಹಿಂದಿನ ಉದ್ಯೋಗ: ಮೀನು.
ಇಪ್ಪತ್ತೆರಡು ವರ್ಷಕ್ಕೆ ಅವರು ಬಿಟ್ಟ ಜಾಗ
ಹೆಬ್ಬೆರಳಿನಷ್ಟು.

ಮೂರನೆಯ ಪುಟದಲ್ಲಿ ನರ್ಸಿಂಗ್ ಕಾಲೇಜು
ನೇರವಾಗಿ ನನ್ನ ಮೈಯನ್ನೇ ಮಾತಾಡಿಸುತ್ತದೆ.

ಹನ್ನೆರಡು ತಾಸು ನಿಲ್ಲಬಲ್ಲಿರಾ?
ನಿಂತಿದ್ದೇನಪ್ಪಾ,
ಒದ್ದೆ ಸಿಮೆಂಟಿನ ಮೇಲೆ, ರಬ್ಬರ್ ಬೂಟಿನೊಳಗೆ,
ಒಂದರ ಮೇಲೊಂದು ಉಣ್ಣೆಯ ಕಾಲುಚೀಲ ಎಳೆದುಕೊಂಡು,
ಬಸುರಿಗೆ ಎಂಟು ತುಂಬುವ ತನಕ.
ಟಿಕ್.

ಇಪ್ಪತ್ತೈದು ಕಿಲೋ ಎತ್ತಬಲ್ಲಿರಾ?
ಕಾಡ್ ಮೀನಿನ ತಟ್ಟೆ ಅಷ್ಟು ತೂಗುತ್ತಿತ್ತು,
ಮಂಜುಗಡ್ಡೆಯ ಲೆಕ್ಕ ಬೇರೆ.
ಆದರೆ ಮೀನು ‘ಮೆಲ್ಲಗೆ ಮಗಳೇ’ ಅನ್ನುವುದಿಲ್ಲ.
ಅಮ್ಮನನ್ನು ಹಾಸಿಗೆಯಲ್ಲಿ ಮಗ್ಗುಲು ಹೊರಳಿಸುವಾಗ ತಿಳಿಯಿತು
ಮೂವತ್ತೆಂಟು ಕಿಲೋ ಎಷ್ಟು ಭಾರ ಎಂದು.
ಟಿಕ್ ಹಾಕಿದೆ, ತುಸು ತಡೆದು.

ಬಣ್ಣಗಳ ಸೂಕ್ಷ್ಮ ವ್ಯತ್ಯಾಸ ಗುರುತಿಸಬಲ್ಲಿರಾ?
ನಮ್ಮಲ್ಲೊಂದು ಗಾಜಿನ ಮೇಜಿತ್ತು,
ಹೊಟ್ಟೆಯೊಳಗೆ ದೀಪ ಹೊತ್ತಿಸಿಕೊಂಡದ್ದು.
ಅದರ ಮೇಲೆ ಮೀನಿನ ಹೋಳು ಇಟ್ಟರೆ
ಗಟ್ಟಿ ಹಾಲಿಗೆ ಬೆಳಕು ಬಿದ್ದ ಹಾಗೆ.
ಅಲ್ಲೆಲ್ಲೋ ಸುರುಳಿ ಸುತ್ತಿ ಮಲಗಿರುತ್ತದೆ
ದಾರದೆಳೆಯಷ್ಟು ಕಂದು ಹುಳು.
ಅದನ್ನು ಹುಡುಕಿ, ಚಾಕುವಿನ ಮೊನೆಯಿಂದ ಎಬ್ಬಿಸಿ,
ಮುಂದಿನ ಹೋಳಿಗೆ ಕಣ್ಣು ಹಾಯಿಸುವುದು ನನ್ನ ಸಂಬಳ.
ಅಮ್ಮನ ತುಟಿ ನೀಲಿಗೆ ತಿರುಗಿದ್ದನ್ನು
ಡಾಕ್ಟರಿಗಿಂತ ಮೊದಲು ಕಂಡದ್ದು ಈ ಕಣ್ಣೇ,
ಟೀ ಬಟ್ಟಲಿನ ಬಿಳಿ ಅಂಚಿನ ಪಕ್ಕ.
ಟಿಕ್.

ಕೆಟ್ಟ ವಾಸನೆ ತಡೆಯಬಲ್ಲಿರಾ?
ಒಬ್ಬಳೇ ಕೂತು ಜೋರಾಗಿ ನಕ್ಕೆ.
ಒಲೆಯ ಬಳಿ ಮಲಗಿದ್ದ ನಾಯಿ ಎದ್ದು ನೋಡಿತು.

ಆರಡಿ ದೂರದ ಪಿಸುಮಾತು ಕೇಳಿಸುವುದೇ?

ಪೆನ್ನು ನಿಂತಿತು.
ನನ್ನ ಎಡಗಿವಿಯನ್ನು ಯಾರೂ ಕಸಿದುಕೊಳ್ಳಲಿಲ್ಲ.
ಯಂತ್ರಗಳು ದಿನಕ್ಕಿಷ್ಟು ಎಂದು
ಸಂಬಳದಲ್ಲಿ ಮುರಿದುಕೊಂಡ ಹಾಗೆ ಮುರಿದುಕೊಂಡವು.
ಮೊದಲು ಹೋದದ್ದು ಹಕ್ಕಿ,
ಆಮೇಲೆ ಕೆಟಲಿನ ಸಿಳ್ಳೆ,
ಆಮೇಲೆ, ಮಹಡಿಯಿಂದ ಮಗಳು ಕರೆದದ್ದು.

ಅರ್ಜಿ ಮಡಚಿ ಕೋಟಿನೊಳಗೆ ತುರುಕಿಕೊಂಡು
ಮಂಜಿನಲ್ಲೇ ಲೊರೆಟಾ ಪಿಟ್ಮನ್ನಳ ಮನೆಗೆ ನಡೆದೆ.
ಮೂವತ್ತು ವರ್ಷ ಈ ದಂಡೆಯುದ್ದಕ್ಕೂ
ಹೆರಿಗೆಗೂ ಹೆಣಕ್ಕೂ ಬಾಗಿಲು ತಟ್ಟಿದ ನರ್ಸ್,
ಈಗ ಮೊಣಕಾಲಿಗೆ ಬಿಸಿನೀರ ಚೀಲ ಒತ್ತಿ ಕೂತವಳು.
‘ಕಿವಿಯ ಮಾತು ಬಿಡು,
ಬ್ಯಾಟರಿ ಹಾಕಿದ ಸ್ಟೆತಾಸ್ಕೋಪು ಬಂದಿವೆ.
ಕೆಳಗಿನದನ್ನು ಓದಿದೆಯಾ?’

ಒತ್ತಡದಲ್ಲಿ ಸಮಚಿತ್ತದಿಂದ ಇರಬಲ್ಲಿರಾ?

ಚರ್ಮ ಸುಲಿಯುವ ಯಂತ್ರಕ್ಕೆ
ಹತ್ತೊಂಬತ್ತರ ಲಿಯಾಂಡರ್‌ನ ಕೈ ಸಿಕ್ಕ ದಿನ
ಅವನ ಬಾಯಿ ತೆರೆದದ್ದು ಕಂಡೆ, ಕೂಗು ಕೇಳಲಿಲ್ಲ.
ಕೇಳಿದವರೆಲ್ಲ ನಿಂತಲ್ಲೇ ಕಲ್ಲಾದರು.
ಕೆಂಪು ಗುಂಡಿ ಒತ್ತಿದವಳು ನಾನು,
ಏಪ್ರನ್ನಿನ ದಾರ ಹರಿದು ತೋಳಿಗೆ ಬಿಗಿದವಳು,
ಮಂಜುಗಡ್ಡೆಯ ರಾಶಿಯಲ್ಲಿ
ಎರಡು ಬೆರಳು ಹುಡುಕಿದವಳು ನಾನು.
ಅದನ್ನು ಅವಳಿಗೆ ಹೇಳುತ್ತಿದ್ದ ಹಾಗೇ
ಮತ್ತೆ ಕೈ ನಡುಗತೊಡಗಿತು.

‘ಆ ದಿನವೂ ನಡುಗಿತೇ?’
‘ಹೂಂ.’
‘ಯಾವಾಗ?’
‘ರಾತ್ರಿ. ಟೀ ಎಲ್ಲ ಚೆಲ್ಲಿತು.’
‘ನನಗೆ ಗ್ಯಾರೇಜಿನಲ್ಲಿ, ಕಾರು ನಿಲ್ಲಿಸಿದ ಮೇಲೆ,’ ಎಂದಳು ಲೊರೆಟಾ.
‘ಮೂವತ್ತು ವರ್ಷ. ನಾರ್ಮನ್ನನಿಗೆ ಗೊತ್ತೇ ಇಲ್ಲ.’
ಬಿಸಿನೀರ ಚೀಲವನ್ನು ಇನ್ನೊಂದು ಮೊಣಕಾಲಿಗೆ ಸರಿಸಿಕೊಂಡು
ಪೆನ್ನು ಎತ್ತಿ ಕೊಟ್ಟಳು.

ಟಿಕ್.

ಉಳಿದದ್ದು ಪಿಸುಮಾತಿನದು.
ಹೌದು, ಇಲ್ಲ: ಇರುವುದು ಎರಡೇ ಚೌಕ.
ಎರಡನ್ನೂ ಖಾಲಿ ಬಿಟ್ಟು
ಪುಟದ ಅಂಚಿನಲ್ಲಿ, ನನ್ನ ವಕ್ರ ಅಕ್ಷರದಲ್ಲಿ ಬರೆದೆ:
ಎಡಗಿವಿ ಕೇಳಿಸದು.
ಬಲಕ್ಕೆ ಬಂದು ಹೇಳಿ.